ಹೊಸ ತಲೆಮಾರಿನ ಕಾರನ್ನು ಮೊದಲ ವರ್ಷವೇ ಕೊಂಡು ನಾನು ಪಟ್ಟ ಪಾಡು

ಅಡಿಯಿಂದ ಮುಡಿಯವರೆಗೆ ಹೊಸದಾಗಿ ವಿನ್ಯಾಸಗೊಂಡ ಕಾರೊಂದನ್ನು, ಅದು ಮಾರುಕಟ್ಟೆಗೆ ಬಂದ ನಾಲ್ಕನೆಯ ತಿಂಗಳಲ್ಲೇ ನಾನು ಕೊಂಡೆ. ಅದೇ ಹೆಸರಿನ ಹಿಂದಿನ ತಲೆಮಾರಿನ ಕಾರನ್ನು ಒಂಬತ್ತು ವರ್ಷ ಓಡಿಸಿದ್ದೆ. ವಾಡಿಕೆಯ ಸರ್ವಿಸ್ ಬಿಟ್ಟರೆ ಅದು ನನ್ನನ್ನು ಎಂದೂ ಗ್ಯಾರೇಜಿಗೆ ಅಲೆಸಿರಲಿಲ್ಲವಾದ್ದರಿಂದ ಆ ಹೆಸರಿನ ಮೇಲೆ ನನಗೆ ಕಣ್ಣುಮುಚ್ಚಿದ ನಂಬಿಕೆಯಿತ್ತು. ಆದರೆ ಹೊಸ ಕಾರಿನಲ್ಲಿ ಹಳೆಯದಾಗಿ ಉಳಿದಿದ್ದುದು ಹೆಸರು ಮತ್ತು ಎಂಜಿನ್ ಮಾತ್ರ. ಪ್ಲಾಟ್‌ಫಾರ್ಮ್ ಎಂದು ಕರೆಯುವ ತಳಪಾಯದ ಚೌಕಟ್ಟು, ಗೇರ್‌ಬಾಕ್ಸ್, ವೈರಿಂಗ್, ತೆರೆಯ ಹಿಂದಿನ ಸಾಫ್ಟ್‌ವೇರ್ ಎಲ್ಲವೂ ಮೊದಲ ಬಾರಿಗೆ ಗ್ರಾಹಕರ ಕೈ ಸೇರಿದ್ದವು. ಆ ಮೊದಲ ಗ್ರಾಹಕರಲ್ಲಿ ನಾನೂ ಒಬ್ಬನೆಂಬುದು ಆಗ ಹೆಮ್ಮೆಯ ವಿಷಯವಾಗಿ ಕಂಡಿತ್ತು.

ಆರನೆಯ ವಾರದ ಒಂದು ಸೋಮವಾರ ಬೆಳಿಗ್ಗೆ ಕಾರಿನ ಬಾಗಿಲೇ ತೆರೆಯಲಿಲ್ಲ. ರಿಮೋಟ್ ಒತ್ತಿದರೆ ಸದ್ದಿಲ್ಲ, ಬೆಳಕಿಲ್ಲ. ಕೀಲಿಯೊಳಗೆ ಅಡಗಿದ್ದ ಲೋಹದ ಕೀಲಿಯನ್ನು ಹೊರಗೆಳೆದು ಬಾಗಿಲು ತೆರೆದು, ಬ್ಯಾಟರಿಗೆ ಮೀಟರ್ ಹಿಡಿದಾಗ 12.6 ವೋಲ್ಟ್ ಆಸುಪಾಸಿನಲ್ಲಿರಬೇಕಾಗಿದ್ದುದು 11ರ ಕೆಳಗಿಳಿದಿತ್ತು. ಇನ್ನೊಂದು ಬ್ಯಾಟರಿಯಿಂದ ಕರೆಂಟು ಕೊಟ್ಟು ಜಂಪ್ ಸ್ಟಾರ್ಟ್ ಮಾಡಿಸಿ ಸರ್ವಿಸ್ ಸೆಂಟರ್‌ಗೆ ಒಯ್ದೆ. ದಾರಿಯುದ್ದಕ್ಕೂ ಬ್ಯಾಟರಿ ಚಾರ್ಜ್ ಆಗಿತ್ತು. ಅಲ್ಲಿ ಪರೀಕ್ಷಿಸಿದವರು ಎಲ್ಲವೂ ಸರಿಯಾಗಿದೆ, ಒಳಗಿನ ದೀಪವನ್ನು ನೀವೇ ಆರಿಸದೆ ಬಿಟ್ಟಿರಬೇಕು ಎಂದರು. ಎರಡು ವಾರಗಳ ನಂತರ, ಮತ್ತೆ ಸೋಮವಾರವೇ, ಅದೇ ಕಥೆ. ಈ ಬಾರಿ ಬ್ಯಾಟರಿಯನ್ನೇ ಬದಲಿಸಿಕೊಟ್ಟರು. ಹೊಸ ಬ್ಯಾಟರಿಯೂ ಮೂರನೆಯ ಸೋಮವಾರ ಸತ್ತು ಕುಳಿತಿತ್ತು.

ನಿಂತ ಕಾರು ಕೂಡ ಒಂದಿಷ್ಟು ವಿದ್ಯುತ್ತನ್ನು ಬಳಸುತ್ತದೆ. ಆದರೆ ಬೀಗ ಹಾಕಿದ ಸ್ವಲ್ಪ ಹೊತ್ತಿನಲ್ಲಿ ಅದರೊಳಗಿನ ಹತ್ತಾರು ಎಲೆಕ್ಟ್ರಾನಿಕ್ ಘಟಕಗಳು ಒಂದೊಂದಾಗಿ ನಿದ್ರೆಗೆ ಜಾರಬೇಕು. ಆಮೇಲೆ ಹರಿಯುವ ಕರೆಂಟು ಸಾಮಾನ್ಯವಾಗಿ 0.05 ಆಂಪಿಯರ್ ಮೀರಬಾರದು. ನನಗೆ ಪರಿಚಯದ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗ್‌ಗೇ ಬಂದು ಮೀಟರ್ ಜೋಡಿಸಿದರು. ಬಾನೆಟ್ಟಿನ ಕೊಕ್ಕೆಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಅದು ಮುಚ್ಚಿದೆಯೆಂದು ಕಾರನ್ನು ನಂಬಿಸಿ, ಬೀಗ ಹಾಕಿ, ನಾವಿಬ್ಬರೂ ಒಂದು ಗಂಟೆ ಕಾದು ಕುಳಿತೆವು. ಕರೆಂಟು 0.04ಕ್ಕೆ ಇಳಿಯಿತು, ಒಂದು ನಿಮಿಷ ನಿಂತಿತು, ಥಟ್ಟನೆ 0.55ಕ್ಕೆ ಜಿಗಿಯಿತು, ಆಮೇಲೆ ಇಳಿಯಲೇ ಇಲ್ಲ. ಲೆಕ್ಕ ಸರಳವಾಗಿತ್ತು. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗಿನ ಅರವತ್ತು ಗಂಟೆಗಳಲ್ಲಿ 0.55 ಆಂಪಿಯರ್‌ನಂತೆ 33 ಆಂಪಿಯರ್-ಅವರ್, ಅಂದರೆ 60 ಆಂಪಿಯರ್-ಅವರ್ ಬ್ಯಾಟರಿಯ ಅರ್ಧಕ್ಕೂ ಹೆಚ್ಚು ಖಾಲಿಯಾಗುತ್ತಿತ್ತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದಾಗ, ಕಾರನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಘಟಕದ ಫ್ಯೂಸ್ ಹೊರಬಂದ ಕೂಡಲೇ ಮೀಟರ್ ತೆಪ್ಪಗಾಯಿತು. ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲದ ಕಾರಣ ಅದು ರಾತ್ರಿಯಿಡೀ ಜಾಲವನ್ನು ಹುಡುಕುತ್ತಾ, ತನ್ನ ಜೊತೆಗಿನ ಘಟಕಗಳನ್ನೂ ಎಬ್ಬಿಸಿ ಕೂರಿಸುತ್ತಿತ್ತು. ಸರ್ವಿಸ್ ಸೆಂಟರಿನ ಬಯಲು ಅಂಗಳದಲ್ಲಿ ಸಿಗ್ನಲ್ ಚೆನ್ನಾಗಿದ್ದುದರಿಂದ ಅಲ್ಲಿ ದೋಷ ಎಂದೂ ಕಾಣಿಸಿಕೊಂಡಿರಲಿಲ್ಲ.

ಇದನ್ನು ಬರೆದು ಕೊಟ್ಟ ಮೇಲೂ ಪರಿಹಾರ ಸಿಗಲು ಏಳು ತಿಂಗಳು ಹಿಡಿಯಿತು. ಅಲ್ಲಿನ ಮೆಕ್ಯಾನಿಕ್‌ಗಳನ್ನು ನಾನು ದೂರಲಾರೆ. ಹಳೆಯ ಮಾದರಿಯಾಗಿದ್ದರೆ ಸದ್ದು ಕೇಳಿಯೇ ರೋಗ ಹೇಳಬಲ್ಲ ಅನುಭವಿಗಳೇ ಅವರು. ಈ ಕಾರಿನ ವಿಷಯದಲ್ಲಿ ಅವರಿಗೂ ನನಗೂ ಸಮಾನ ಅಜ್ಞಾನವಿತ್ತು. ತಯಾರಕರು ಸರ್ವಿಸ್ ಸೆಂಟರುಗಳಿಗೆ ಕಳುಹಿಸುವ ದುರಸ್ತಿ ಸೂಚನೆಗಳು ದೂರುಗಳು ಒಟ್ಟುಗೂಡಿದ ಮೇಲಷ್ಟೇ ಹುಟ್ಟುತ್ತವೆ, ಮತ್ತು ಮೊದಲ ವರ್ಷದಲ್ಲಿ ಆ ದೂರುಗಳನ್ನು ಒಟ್ಟುಗೂಡಿಸಿಕೊಡುವವರು ನನ್ನಂಥವರೇ. ವಾರಂಟಿ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ಬಿಡಿಭಾಗಕ್ಕೂ ಕೆಲಸಕ್ಕೂ ನಾನು ಏನನ್ನೂ ತೆರಲಿಲ್ಲ. ಆದರೆ ಕಳೆದ ಹನ್ನೊಂದು ಬೆಳಗುಗಳನ್ನೂ, ಪ್ರತಿ ಭಾನುವಾರ ರಾತ್ರಿ ನಾಳೆ ಕಾರು ಎದ್ದೇಳುವುದೋ ಇಲ್ಲವೋ ಎಂಬ ಚಿಂತೆಯನ್ನೂ ವಾರಂಟಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ನಡುವೆ ಯಾರೋ ಹಿಮ್ಮುಖವಾಗಿ ಬಂದು ತಾಗಿಸಿ ನನ್ನ ಕಾರಿನ ಒಂದು ಹೆಡ್‌ಲ್ಯಾಂಪ್ ಒಡೆದರು. ಹೊಸ ಹೆಡ್‌ಲ್ಯಾಂಪ್ ಬರಲು ಒಂಬತ್ತು ವಾರ ಬೇಕಾಯಿತು, ಏಕೆಂದರೆ ತಯಾರಾದದ್ದೆಲ್ಲ ಹೊಸ ಕಾರುಗಳನ್ನು ಜೋಡಿಸಲಿಕ್ಕೇ ಹೋಗುತ್ತಿತ್ತು. ಮೊದಲ ವರ್ಷದ ಈ ತಾಪತ್ರಯವನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಒಳ್ಳೆಯ ಕಂಪನಿಯ ಕಾರಾದರೆ ಭಯವಿಲ್ಲ ಎಂಬ ಮಾತನ್ನು ನಾನೂ ಆಡುತ್ತಿದ್ದೆ. ಗಟ್ಟಿತನಕ್ಕೆ ಹೆಸರಾದ ಟೊಯೋಟಾ ತನ್ನ ಹೊಚ್ಚಹೊಸ ವಿದ್ಯುತ್ ಕಾರು ಬಿಜ಼ಡ್4ಎಕ್ಸ್ ಅನ್ನು, ಚಕ್ರದ ಹಬ್ ಬೋಲ್ಟುಗಳು ಸಡಿಲಗೊಂಡು ಚಕ್ರವೇ ಕಳಚಬಹುದೆಂಬ ಕಾರಣಕ್ಕೆ 2022ರ ಜೂನ್‌ನಲ್ಲಿ, ಮಾರಾಟ ಶುರುವಾದ ಕೆಲವೇ ವಾರಗಳಲ್ಲಿ, ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹೋಂಡಾದ ಸಿಆರ್-ವಿ 2017ರಲ್ಲಿ ಹೊಸ ರೂಪ ಪಡೆದು 1.5 ಲೀಟರ್ ಟರ್ಬೊ ಎಂಜಿನ್ ಹೊತ್ತು ಬಂದಾಗ, ಚಳಿ ಪ್ರದೇಶಗಳಲ್ಲಿ ಪೆಟ್ರೋಲು ಎಂಜಿನ್ ಆಯಿಲ್‌ಗೆ ಸೇರಿ ಆಯಿಲ್ ಮಟ್ಟವೇ ಏರುತ್ತಿದೆ ಎಂಬ ದೂರುಗಳು ಬಂದವು. ಎರಡನೆಯ ವರ್ಷಕ್ಕೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದೂ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ 2012ರ ಮಾದರಿಯಾಗಿ ಬಂದ ಹೊಸ ಫೋರ್ಡ್ ಫೋಕಸ್‌ನ ಡ್ಯುಯಲ್ ಕ್ಲಚ್ (ಎರಡು ಕ್ಲಚ್‌ಗಳಿರುವ) ಗೇರ್‌ಬಾಕ್ಸಿನ ನಡುಕ ಮುಂದಿನ ವರ್ಷಗಳ ಕಾರುಗಳನ್ನೂ ಕಾಡಿತು. ಆದರೆ ಕಾದವನಿಗೆ ಒಂದು ಅನುಕೂಲವಿತ್ತು: ಆ ಗೇರ್‌ಬಾಕ್ಸಿನ ಹಣೆಬರಹ ಆಗ ಎಲ್ಲರಿಗೂ ತಿಳಿದಿತ್ತು, ಬೇಡವೆಂದು ಬಿಟ್ಟುಬಿಡಬಹುದಿತ್ತು.

ಬಂಪರ್, ದೀಪ, ಸೀಟಿನ ಬಟ್ಟೆ ಬದಲಿಸಿದ ಫೇಸ್‌ಲಿಫ್ಟ್‌ಗೆ ಇಷ್ಟು ಹೆದರಬೇಕಾಗಿಲ್ಲ. ಅದರ ಒಳಗಿರುವುದು ಪಳಗಿದ ಕಾರೇ. ಪ್ಲಾಟ್‌ಫಾರ್ಮ್, ಎಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಾನಿಕ್ಸ್ ಈ ನಾಲ್ಕರಲ್ಲಿ ಎಷ್ಟು ಹೊಸವು ಎಂದು ಶೋರೂಮಿನವರನ್ನು ನೇರವಾಗಿ ಕೇಳಿ. ಮೂರೋ ನಾಲ್ಕೋ ಹೊಸವಾಗಿದ್ದರೆ ನಾನಂತೂ ಒಂದೂವರೆ ವರ್ಷ ಕಾಯುತ್ತೇನೆ, ಇಲ್ಲವೇ ಮುಗಿಯುತ್ತಾ ಬಂದ ಹಳೆಯ ತಲೆಮಾರಿನ ಕೊನೆಯ ಕಾರುಗಳಲ್ಲಿ ಒಂದನ್ನು ಕೊಳ್ಳುತ್ತೇನೆ. ತಡೆಯಲಾರದೆ ಕೊಂಡೇ ಕೊಳ್ಳುವವರು ಮನೆಯಲ್ಲಿ ಇನ್ನೊಂದು ವಾಹನ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪ್ರತಿ ದೂರನ್ನೂ ಸರ್ವಿಸ್ ಸೆಂಟರಿನವರು ಬರೆಯುವ ಜಾಬ್ ಕಾರ್ಡಿನಲ್ಲಿ ತಮ್ಮದೇ ಮಾತಿನಲ್ಲಿ ಬರೆಸಿ ಪ್ರತಿ ಪಡೆಯಬೇಕು. ನನ್ನ ಮೊದಲೆರಡು ಭೇಟಿಗಳ ಜಾಬ್ ಕಾರ್ಡಿನಲ್ಲಿ ಇದ್ದುದು 'ಸಾಮಾನ್ಯ ತಪಾಸಣೆ' ಎಂಬ ಎರಡೇ ಪದ. ದೋಷ ಮೊದಲಿನಿಂದಲೂ ಇತ್ತೆಂದು ಮುಂದೆ ವಾದಿಸುವಾಗ ಆ ಕಾಗದ ನಯಾಪೈಸೆಯ ಉಪಯೋಗಕ್ಕೆ ಬರಲಿಲ್ಲ. ಕಾರುಗಳನ್ನು ಹಿಂದಕ್ಕೆ ಕರೆಸುವ ರೀಕಾಲ್ ಸಾಮಾನ್ಯವಾಗಿ ಸುರಕ್ಷತೆಗೆ ಸಂಬಂಧಿಸಿದ ದೋಷಗಳಿಗೆ ಹೊರಡುತ್ತದೆ, ಬ್ಯಾಟರಿ ಸಾಯುವಂಥ ಕಿರುಕುಳಗಳಿಗೆ ಕೇಳಿದವರಿಗೆ ಮಾತ್ರ ದುರಸ್ತಿ ಎಂಬುದನ್ನೂ ನಾನು ತಡವಾಗಿ ತಿಳಿದೆ.

ಕೊನೆಗೆ ನನ್ನ ಕಾರಿನ ಆ ಘಟಕವನ್ನೇ ಬದಲಿಸಿದರು. ಅಲ್ಲಿಂದೀಚೆಗೆ ಕಾರು ಒಂದು ಸೋಮವಾರವೂ ಕೈಕೊಟ್ಟಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹೋದ ತಿಂಗಳು ಅದೇ ಕಾರನ್ನು, ಅದೇ ಬಣ್ಣದಲ್ಲಿ ಕೊಂಡರು. ಕುತೂಹಲ ತಡೆಯದೆ ಅವರ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ನನ್ನ ಕಾರಿನಿಂದ ಕಿತ್ತು ತೆಗೆದ ಘಟಕದ ಸಂಖ್ಯೆ 'ಎ' ಅಕ್ಷರದಿಂದ ಮುಗಿಯುತ್ತಿತ್ತು. ಘಟಕವನ್ನು ತಿದ್ದಿದಾಗಲೆಲ್ಲ ಮುಂದಿನ ಅಕ್ಷರ. ಅವರದು 'ಡಿ'. ಏನು ಹುಡುಕುತ್ತಿದ್ದೀರಿ ಎಂದು ಅವರು ಕೇಳಿದರು. ನಡುವಿನ 'ಬಿ', 'ಸಿ'ಗಳು ಯಾರ ಪಾಲಿಗೆ ಬಂದವೋ ಎಂದು ಯೋಚಿಸುತ್ತಾ ನಾನು ಟಾರ್ಚ್ ಆರಿಸಿದೆ.