ಮೂತ್ರ, ರಕ್ತ, ಎಕೋ: ಹಾರ್ಟ್ ಫೇಲ್ಯೂರ್ ಅನುಮಾನಕ್ಕೆ ಯಾವ ಪರೀಕ್ಷೆ?

ಅಪ್ಪನ ಕಾಲು ಊದಿದೆ, ಅಡಿಕೆ ತೋಟದ ಏರು ಹತ್ತಿದರೆ ಏದುಸಿರು. ಇದು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿಯಾ ಅಂತ ತಿಳಿಯಲು ತೀರ್ಥಹಳ್ಳಿಯಲ್ಲೇ ಮೂತ್ರ ಪರೀಕ್ಷೆ ಮಾಡಿಸಿದರೆ ಸಾಕಾ, ಶಿವಮೊಗ್ಗಕ್ಕೆ ಹೋಗಬೇಕಾ ಅಂತ ಕೇಳಿದ್ದೀರಿ.

ಖರ್ಚು, ಓಡಾಟ ನೋಡಿದರೆ ಮೂತ್ರವೇ ಸಲೀಸು. ಸೂಜಿಯೂ ಇಲ್ಲ. ಪ್ರೋಟೀನ್ ಜಾಸ್ತಿ ಹೋಗುತ್ತಿದ್ದರೆ ಊತಕ್ಕೆ ಕಿಡ್ನಿ ಕಾರಣವಿರಬಹುದು ಅನ್ನುವ ಸುಳಿವು ಸಿಗುತ್ತದೆ. ಹೃದಯದ ಬಗ್ಗೆ ಮಾತ್ರ ಅದೊಂದರಿಂದಲೇ ತೀರ್ಮಾನ ಆಗುವುದಿಲ್ಲ.

ರಕ್ತದ ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರುವ ಅಂಶ) ಪರೀಕ್ಷೆ ದುಬಾರಿ. ಸಣ್ಣ ಲ್ಯಾಬಿನವರು ಸ್ಯಾಂಪಲ್ ಹೊರಗೆ ಕಳಿಸಬೇಕಾಗಬಹುದು. ಇದರ ತಾಕತ್ತು ಇರುವುದು ‘ಇಲ್ಲ’ ಅನ್ನುವುದರಲ್ಲಿ. ನಿಧಾನಕ್ಕೆ ಶುರುವಾದ ತೊಂದರೆಯಲ್ಲಿ ಮಿಲಿಲೀಟರಿಗೆ 125 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಹಾರ್ಟ್ ಫೇಲ್ಯೂರ್ ಸಾಧ್ಯತೆ ಕಮ್ಮಿ. ಜಾಸ್ತಿ ಬಂದರೆ ಸುಮ್ನೆ ಗಾಬರಿ ಬೇಡ. ವಯಸ್ಸು, ಕಿಡ್ನಿ ತೊಂದರೆಯೂ ಅದನ್ನು ಏರಿಸುತ್ತವೆ. ದಪ್ಪ ಮೈಯವರಲ್ಲಿ ಕಾಯಿಲೆ ಇದ್ದೂ ಕಡಿಮೆ ತೋರಿಸಬಹುದು. ಇದನ್ನೇ ಮೂತ್ರದಲ್ಲಿ ಅಳೆದು ನೋಡಿದ್ದಾರೆ, ಆದರೆ ಅದಿನ್ನೂ ರೂಢಿಗೆ ಬಂದಿಲ್ಲ.

ಎಕೋ ಅಂದರೆ ಹೃದಯದ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್). ಅದಕ್ಕೆ ಯಂತ್ರವೂ ಬೇಕು, ನೋಡಿ ಹೇಳುವವರೂ ಬೇಕು. ಹೃದಯ ಎಷ್ಟು ಹಿಂಡುತ್ತಿದೆ, ಕವಾಟ ಸರಿಯಿದೆಯಾ ಅಂತ ಕಾಣುವುದು ಅಲ್ಲೇ.

ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಎರಡು ದಿಂಬಿಲ್ಲದೆ ಮಲಗಲು ಆಗದಿದ್ದರೆ, ಬೇಗ ಎಕೋ ಮಾಡಿಸಿ. ಅನುಮಾನ ಅರೆಬರೆ ಇದ್ದು ಘಟ್ಟದ ಮಳೆಯಲ್ಲಿ ಓಡಾಟ ಕಷ್ಟವಾದರೆ ಮೊದಲು ರಕ್ತ. ಕಾಯಿಲೆ ಖಚಿತವಾಗಿ ಆಸ್ಪತ್ರೆ ಸೇರಿದವರಿಗೆ ಮೂತ್ರ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ನೀರಿಳಿಸುವ ಇಂಜೆಕ್ಷನ್ ಕೊಟ್ಟು 2 ಗಂಟೆ ಬಿಟ್ಟು ಮೂತ್ರದ ಸೋಡಿಯಂ ನೋಡಿದರೆ ಔಷಧಿ ಹಿಡಿದಿದೆಯಾ ಅಂತ ಗೊತ್ತಾಗುತ್ತದೆ.

ಕೂತಲ್ಲೇ ಉಸಿರು ಕಟ್ಟಿದರೆ ಯಾವ ರಿಪೋರ್ಟಿಗೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.