ಲಿನಕ್ಸ್‌ಗೆ ವೈಫೈ ಡಾಂಗಲ್: ಮೂರು ಚಿಪ್ಪು ಹಾಕಿ ನೋಡಿದ್ಮೇಲೆ

ಅಕ್ಕನ ಮಗಳ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 21 (ವಿಂಡೋಸ್ ಬದಲು ಹಾಕೋ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿಕೊಟ್ಟಿದ್ದೆ, ಅದರೊಳಗಿನ ವೈಫೈ ಕಾರ್ಡು ಕೈಕೊಡ್ತು, ಯುಎಸ್‌ಬಿ ಡಾಂಗಲ್ ಒಂದು ತಗೊಂಡ್ರೆ ಆಯ್ತಲ್ಲ ಅಂದ್ಕೊಂಡ್ವಿ, ಈಗ ನೋಡಿದ್ರೆ ಮನೇಲಿ ಮೂರಿದಾವೆ. ಮೂರನ್ನೂ ಅದೇ ಲ್ಯಾಪ್‌ಟಾಪು, ಅದೇ 100 ಎಂಬಿಪಿಎಸ್ ಲೈನಲ್ಲಿ ನೋಡಿದೀನಿ. ರೂಟರ್ ಜಗಲೀಲಿ, ಅವಳು ಓದೋ ಕೋಣೆ ಹಿಂದ್ಗಡೆ, ನಡುವೆ ಎರಡು ಜಂಬಿಟ್ಟಿಗೆ ಗೋಡೆ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಡಬ್ಬದ ಮೇಲಿನ ಹೆಸರು ನೋಡಿ ತಗೋಬೇಡಿ, ಒಳಗಿರೋ ಚಿಪ್ ಯಾವುದು ಅಂತ ನೋಡಿ. ಟಿಪಿ-ಲಿಂಕಿನ ಡಬ್ಲ್ಯುಎನ್722ಎನ್ ವರ್ಷನ್ 1ರಲ್ಲಿ ಎಥೆರಾಸ್ ಚಿಪ್ಪಿತ್ತು, ವರ್ಷನ್ 2ರಿಂದ ರಿಯಲ್‌ಟೆಕ್, ಮಾಡೆಲ್ ನಂಬರ್ ಮಾತ್ರ ಅದೇ. ಲಿನಕ್ಸ್ ಪಾಲಿಗೆ ಅವೆರಡೂ ಬೇರೆ ಬೇರೆ ಸಾಮಾನು.

ನಾವು ಮೊದಲು ತಗೊಂಡಿದ್ದು ರಿಯಲ್‌ಟೆಕ್ 8811ಸಿಯು ಚಿಪ್ಪಿಂದು, ಉಗುರಿನಷ್ಟು ಚಿಕ್ಕದು, ರೇಟೂ ಕಮ್ಮಿ. ಸಿಕ್ಕಿಸಿದ್ರೆ ವೈಫೈ ಬರೋ ಬದಲು ಸಿಡಿ ಹಾಕಿದಂಗೆ ಒಂದು ಡಿಸ್ಕ್ ಕಾಣಿಸ್ತು, ಒಳಗೆ ವಿಂಡೋಸ್ ಡ್ರೈವರು (ಡಾಂಗಲ್ ಓಡಿಸೋ ಸಾಫ್ಟ್‌ವೇರು)! ಆ ಡಿಸ್ಕನ್ನ ಇಜೆಕ್ಟ್ ಮಾಡಿದ್ಮೇಲೇ ಅದು ವೈಫೈ ಅಂತ ತೋರಿಸ್ಕೊಂಡಿದ್ದು, ಅಷ್ಟಾದ್ರೂ ಡ್ರೈವರ್ ಇರ್ಲಿಲ್ಲ, ಯಾಕಂದ್ರೆ ಈ ಚಿಪ್ಪಿನ ಯುಎಸ್‌ಬಿ ಡ್ರೈವರ್ ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಸೇರಿದ್ದು 2023ರ 6.2 ವರ್ಷನ್ನಲ್ಲಿ, ಮಿಂಟ್ 21ರಲ್ಲಿ ಇದ್ದಿದ್ದು 5.15. ಮೊಬೈಲಿಂದ ಯುಎಸ್‌ಬಿ ಟೆದರಿಂಗ್ ಮಾಡಿ ನೆಟ್ ತಗೊಂಡು, ಹೊರಗಿನ ಡ್ರೈವರ್ ಇಳಿಸಿ ಡಿಕೆಎಂಎಸ್‌ನಲ್ಲಿ (ಕರ್ನಲ್ ಬದಲಾದಾಗ ಡ್ರೈವರನ್ನ ಮತ್ತೆ ಕಟ್ಟೋ ಸಾಧನ) ಕಂಪೈಲ್ ಮಾಡಿದೆ. ಓಡ್ತು, ಕೋಣೇಲಿ 30 ಎಂಬಿಪಿಎಸ್ ಆಸುಪಾಸು ಸ್ಪೀಡು ಬರ್ತಿತ್ತು.

ಆಮೇಲೊಂದಿನ ಕರ್ನಲ್ 5.19 ಹಾಕಿದೆ. ಮಾರನೇ ಬೆಳಗ್ಗೆ ಅವಳ ಅಸೈನ್‌ಮೆಂಟ್ ಅಪ್‌ಲೋಡ್ ಮಾಡೋದಿತ್ತು, ವೈಫೈ ಐಕಾನೇ ಇಲ್ಲ, "ಮಾಮಾ, ನೆಟ್ ಬರ್ತಿಲ್ಲ" ಅಂತ ಫೋನು, ದನಿ ಕೇಳಿದ್ರೇ ಗೊತ್ತಾಗ್ತಿತ್ತು ಅಳೋಕೆ ಬಂದಿದೆ ಅಂತ. ನಾನು ಇಳಿಸಿದ್ದ ಡ್ರೈವರ್ ಕೋಡು ಹೊಸ ಕರ್ನಲ್ಲಿಗೆ ಕಂಪೈಲೇ ಆಗಿರ್ಲಿಲ್ಲ. ಬೂಟ್ ಆಗುವಾಗ ಮೆನುವಲ್ಲಿ ಹಳೇ 5.15 ಆರಿಸೋಕೆ ಫೋನಲ್ಲೇ ಹೇಳ್ಕೊಟ್ಟೆ, ಕೆಲಸ ಆಯ್ತು. ಆದ್ರೆ ಕಂಪ್ಯೂಟರ್ ಬಗ್ಗೆ ತಲೆ ಕೆಡಿಸ್ಕೊಳ್ಳದೇ ಇರೋರಿಗೆ ಹೊರಗಿನ ಡ್ರೈವರ್ ಬೇಕಾಗೋ ಡಾಂಗಲ್ ಕೊಡಬಾರದು ಅಂತ ಅವತ್ತೇ ತೀರ್ಮಾನ ಮಾಡ್ದೆ. ಮಿಂಟ್ 22ರಲ್ಲಿ ಕರ್ನಲ್ 6.8 ಇದೆ, ಅದರಲ್ಲಿ ಇದೇ ಡಾಂಗಲ್ ತಾನಾಗೇ ಓಡತ್ತೆ, ಹಾಗಾಗಿ ದೋಷ ಚಿಪ್ಪಿಂದಲ್ಲ, ನಿಮ್ಮ ಕರ್ನಲ್ ಹಳೇದಾ ಹೊಸದಾ ಅನ್ನೋದ್ರ ಮೇಲಿದೆ.

ಎರಡನೇದು ಎಥೆರಾಸ್ ಎಆರ್9271 ಚಿಪ್ಪಿಂದು, ಉದ್ದ ಆಂಟೆನಾ ಇರೋದು. ಇದರ ಡ್ರೈವರ್ 2010ರಿಂದ ಕರ್ನಲ್‌ನಲ್ಲೇ ಇದೆ, ಅದಕ್ಕಿಂತ ಖುಷಿ ಏನಂದ್ರೆ ಫರ್ಮ್‌ವೇರ್ (ಚಿಪ್ಪಿನೊಳಗೆ ಓಡೋ ಪುಟ್ಟ ಪ್ರೋಗ್ರಾಂ) ಸಮೇತ ಓಪನ್ ಸೋರ್ಸು. ಬೇರೆ ಹೆಚ್ಚಿನ ಡಾಂಗಲ್ಲುಗಳಲ್ಲಿ ಡ್ರೈವರ್ ತೆರೆದಿದ್ರೂ ಫರ್ಮ್‌ವೇರ್ ಮುಚ್ಚಿದ ಡಬ್ಬಾನೇ. ಟ್ರಿಸ್ಕೆಲ್ ಥರ ಮುಚ್ಚಿದ ಸಾಫ್ಟ್‌ವೇರ್ ಒಂದೂ ಇಲ್ಲದ ಪೂರ್ತಿ ಸ್ವತಂತ್ರ ಸಿಸ್ಟಮ್‌ನಲ್ಲೂ ಓಡೋದು ಅದಕ್ಕೇ, ನನಗೆ ಇದರ ಮೇಲೆ ವಿಶೇಷ ಪ್ರೀತಿ. ಆದ್ರೆ 2.4 ಗಿಗಾಹರ್ಟ್ಸ್ ಮಾತ್ರ. ಜಗಲೀಲಿ 40, ಕೋಣೇಲಿ 28, ಗೋಡೆ ದಾಟಿದ್ರೂ ಕಡಿದುಹೋಗಲ್ಲ. ಅಕ್ಕಪಕ್ಕ ಹತ್ತಾರು ರೂಟರ್ ಇರೋ ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇದನ್ನ ನೆಚ್ಕೋಬೇಡಿ.

ಇದರಲ್ಲಿ ಇನ್ನೊಂದು ಗಮನಿಸ್ಬೇಕು, ಪಕ್ಕದ ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾರ್ಡ್‌ಡಿಸ್ಕ್ ಹಾಕಿದ್ರೆ ಸ್ಪೀಡು ದಡಕ್ಕನೆ ಇಳಿಯತ್ತೆ. ಯುಎಸ್‌ಬಿ 3 ಹೊರಡಿಸೋ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಮೇಲೆ ಬೀಳತ್ತೆ ಅಂತ 2012ರಲ್ಲೇ ಇಂಟೆಲ್ ಬರೆದಿಟ್ಟಿದೆ. ಒಂದು ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನ ಕಿಟಕಿ ಹತ್ರ ತೂಗುಬಿಟ್ಟೆ, ಸರಿಹೋಯ್ತು.

ಮೂರನೇದು ಮೀಡಿಯಾಟೆಕ್ ಎಂಟಿ7612ಯು. ಎರಡು ಆಂಟೆನಾ, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್‌ವರೆಗೆ ಅಂತ ಲೆಕ್ಕ, ಡ್ರೈವರ್ 2018ರ ಕರ್ನಲ್ 4.19ರಿಂದ ಒಳಗೇ ಇದೆ. ಮಿಂಟಲ್ಲಿ ಸಿಕ್ಕಿಸಿದೆ, ಪಾಸ್‌ವರ್ಡ್ ಕೇಳ್ತು, ಮುಗೀತು. ಜಗಲೀಲಿ 95, ಅಂದ್ರೆ ಲೈನೇ ಅಷ್ಟು, ಕೋಣೇಲಿ 60. ಕರ್ನಲ್ ಎಷ್ಟ್ ಸಲ ಬದಲಾದ್ರೂ ಏನೂ ಆಗಿಲ್ಲ. ರೇಟು ಮೊದಲನೇದರ ಎರಡು ಪಟ್ಟಿಗಿಂತ ಜಾಸ್ತಿ, ಮುಟ್ಟಿದ್ರೆ ಬೆಚ್ಚಗಿರತ್ತೆ, ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸಲ್ಲಾದ್ರೆ ಫರ್ಮ್‌ವೇರ್ ಪ್ಯಾಕೇಜ್ ಇದೆಯಾ ನೋಡ್ಕೋಬೇಕು, ಇಷ್ಟೇ ತಕರಾರು.

ದಿನಾ ಬಳಸೋಕೆ ಅಂತ ಒಂದೇ ತಗೊಳ್ಳೋದಾದ್ರೆ 7612ಯು ತಗೊಳ್ಳಿ, ಈಗ ಅವಳ ಲ್ಯಾಪ್‌ಟಾಪಲ್ಲಿರೋದು ಅದೇ. 9271 ನನ್ನ ಬ್ಯಾಗಲ್ಲಿರತ್ತೆ, ಯಾರ ಮನೆಗಾದ್ರೂ ಲಿನಕ್ಸ್ ಹಾಕೋಕೆ ಹೋದ್ರೆ ಮೊದಲು ಹೊರಬರೋದು ಅದು. ಅಂಗಡೀಲಿ ಚಿಪ್ ಹೆಸರು ಕೇಳಿದ್ರೆ ಸಾಮಾನ್ಯ ಹೇಳಲ್ಲ, ಲ್ಯಾಪ್‌ಟಾಪ್ ತಗೊಂಡೇ ಹೋಗಿ, ಅಲ್ಲೇ ಸಿಕ್ಕಿಸಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb, ಸಿಕ್ಕಿಸಿರೋ ಯುಎಸ್‌ಬಿ ಸಾಮಾನಿನ ಪಟ್ಟಿ ತೋರಿಸೋ ಕಮಾಂಡು) ಹೊಡೀರಿ, ಐಡಿ ಕೊನೇಲಿ 9271 ಅಂತಲೋ 7612 ಅಂತಲೋ ಕಂಡ್ರೆ ದುಡ್ಡು ಕೊಡಿ.