ಟೇಬಲ್‌ಗೆ ಬಣ್ಣ: ರೂಲ್ಸ್ ಸಾಕಾ, ಮೆಜರ್ ಬೇಕಾ?

ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಲೆಕ್ಕ ಪವರ್ ಬಿಐನಲ್ಲಿದೆ (ಮೈಕ್ರೋಸಾಫ್ಟ್‌ನ ರಿಪೋರ್ಟ್ ಸಾಫ್ಟ್‌ವೇರ್) ಅಂದುಕೊಳ್ಳಿ. ಟಾರ್ಗೆಟ್ ಮುಟ್ಟದ ತಾಲ್ಲೂಕು ಕೆಂಪಾಗಿ ಕಾಣಬೇಕು.

ಎಲ್ಲ ಕಡೆ ಒಂದೇ ಮಿತಿ, 100 ಟನ್ ಅನ್ನಿ, ಇದ್ದರೆ ರೂಲ್ಸ್ ಸಾಕು, ಅಂದರೆ ‘ಇಷ್ಟಕ್ಕಿಂತ ಕಡಿಮೆಯಾದರೆ ಈ ಬಣ್ಣ’ ಎಂದು ಸೆಟ್ಟಿಂಗ್‌ನಲ್ಲೇ ಆರಿಸುವುದು. ಸುಮ್ನೆ ಫಾರ್ಮುಲಾ ಯಾಕೆ?

ಆದರೆ ತಿಕೋಟಾದ ಟಾರ್ಗೆಟ್ ಬೇರೆ, ಸಿಂದಗಿಯದು ಬೇರೆ ಅಲ್ವಾ? ಆಗ ಮೆಜರ್, ಅಂದರೆ ಲೆಕ್ಕ ಹಾಕುವ ಫಾರ್ಮುಲಾ, ಬರೆಯಿರಿ. ಮಾರಾಟ ಟಾರ್ಗೆಟ್‌ಗಿಂತ ಕಡಿಮೆ ಇದ್ದರೆ ‘ರೆಡ್’, ಇಲ್ಲದಿದ್ದರೆ ‘ಗ್ರೀನ್’ ಎಂದು ಅದು ಇಂಗ್ಲಿಷ್ ಅಕ್ಷರದಲ್ಲಿ ಬಣ್ಣದ ಹೆಸರನ್ನೇ ಕೊಡಬೇಕು. ಟೇಬಲ್‌ನ ಕಂಡೀಷನಲ್ ಫಾರ್ಮ್ಯಾಟಿಂಗ್ (ಷರತ್ತಿನ ಪ್ರಕಾರ ಬಣ್ಣ ಕೊಡುವ ಸೆಟ್ಟಿಂಗ್) ತೆರೆದು, ಫಾರ್ಮ್ಯಾಟ್ ಸ್ಟೈಲ್‌ನಲ್ಲಿ ‘ಫೀಲ್ಡ್ ವ್ಯಾಲ್ಯೂ’ ಆರಿಸಿ, ಈ ಮೆಜರ್ ಹಾಕಿ. ಬರೆಯುವಾಗ ಕೆಲಸ ಜಾಸ್ತಿ, ನಿಜ. ಆದರೆ ನಾಳೆ ಷರತ್ತು ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು, ಈ ಮೆಜರ್ ಹಾಕಿದ ಟೇಬಲ್ ಐದಿದ್ದರೂ ಎಲ್ಲದರ ಬಣ್ಣವೂ ಬದಲಾಗುತ್ತದೆ. ರೂಲ್ಸ್ ಆದರೆ ಪ್ರತಿ ಟೇಬಲ್‌ನಲ್ಲೂ ತಿದ್ದಬೇಕು. ನನ್ನ ಓಟು ಮೆಜರ್‌ಗೇ.